ಎರಡನೇ ಬದಿ

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ
ನನ್ನದೊಂದು ರಿಪೇರಿ ಅಂಗಡಿ.
ಮಿಕ್ಸಿ, ಫ್ಯಾನು, ಟಾರ್ಚು, ಒಮ್ಮೊಮ್ಮೆ ಮಸೀದಿಯ ಮೈಕು.
ಬುಧವಾರ ಸಂತೆ ಮುಗಿದ ಮೇಲೆ ಮಾತ್ರ
ಇದೇ ಕೋರ್ಟು.

ಜನ ಮೂವರು. ಸ್ಟೂಲು ಎರಡು.
ಕೊನೆಗೆ ಬಂದವರಿಗೆ ಕೆಟ್ಟ ಟೀವಿಯ ಬೆನ್ನು.

ಹವಾಲ್ದಾರ್ ಉತ್ತಯ್ಯ ಫಿರಂಗಿ ದಳದವರು.
ಪೆನ್ಶನ್ ಜೊತೆ ಊರಿಗೆ ತಂದದ್ದು
ಕಲ್ಕತ್ತೆಯ ಬೀದಿಬದಿ ಕೊಂಡ ಎಲ್‌ಪಿ ತಟ್ಟೆಗಳು,
ಟ್ರಂಕಿನ ತುಂಬ, ನಡುನಡುವೆ ನುಸಿಗುಳಿಗೆ.
"ಎಪ್ಪತ್ತೈದರ ಈಚೆಗೆ ರಾಕ್ ಇಲ್ಲ ಮೊಯ್ದು,
ಆಮೇಲೆ ಬಂದದ್ದೆಲ್ಲ ಬರೀ ಕೂದಲು."

ಸಿಲ್ವೆಸ್ಟರ್ ಜೀಪು ಮೆಕ್ಯಾನಿಕ್. ಉಗುರಲ್ಲಿ ಗ್ರೀಸು,
ಎದೆಯ ಮೇಲೆ ತಲೆಬುರುಡೆಯ ಬನಿಯನ್ನು,
ಬುರುಡೆಯ ಹಣೆಗೆ ತಾಗಿ ತೂಗುವ
ಸಂತ ಅನ್ನಮ್ಮನ ಪದಕ.
"ಮದುವೆ ಮನೆಯಲ್ಲಿ ಬೆಳಕು ಹರಿಯುವ ತನಕ
ವಾಲಗಕ್ಕೆ ಕುಣಿಯೋರು ನೀವು.
ನನ್ನ ಮೆಟಲ್ಲು ಗದ್ದಲವಾ?"

ದೇಚಕ್ಕ ಹೈಸ್ಕೂಲಿನ ಪೀಟಿ ಟೀಚರು, ಕೊರಳಲ್ಲಿ ಸೀಟಿ.
ಅವರದು ಪಾಪ್, ಅದೂ ಎಂಬತ್ತರ ದಶಕದ್ದು,
ಒಂದಿಷ್ಟೂ ನಾಚಿಕೆಯಿಲ್ಲದೆ.
"ಹಾಡು ಅಂದರೆ ಗೋಲು. ಮೂರು ನಿಮಿಷದಲ್ಲಿ ಹೊಡೀಬೇಕು.
ನಿಮ್ಮವರು ಒಂಬತ್ತು ನಿಮಿಷ ಡ್ರಿಬಲ್ ಮಾಡಿ
ಚೆಂಡು ಹೊರಗೆ ಹಾಕ್ತಾರೆ."
"ಕಾಚಂಪುಳಿ ಬೀಳದ ಪಂದಿಕರಿ ನಿನ್ನ ಪಾಪು," ಉತ್ತಯ್ಯ.

ಒಂದು ಹೊದಿಕೆಯ ಮೇಲಿನ ಕುದುರೆ
ಬಿಳಿಯದೋ ಬೂದಿಯದೋ ಎಂಬುದರಲ್ಲೇ
ಒಂದು ಇಡೀ ಮಳೆಗಾಲ ಕಳೆದಿದೆ ಇಲ್ಲಿ.

ನನಗೆ? ನನಗೆ ಬೆಸುಗೆಯ ಹೊಗೆ ಸಾಕು.
ಬೆಲ್ಟು ಎಲ್ಲೂ ಸಿಗದೆ
ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿದವನು ನಾನು.
ಮೂವರ ದೇವರುಗಳೂ ತಿರುಗುವುದು ಅದರಿಂದಲೇ,
ಚೂರು ನಿಧಾನವಾಗಿ.

ಕಳೆದ ಬುಧವಾರ ಉತ್ತಯ್ಯ ಎಂದರು:
ಎರಡನೇ ಬದಿ ಹಾಕು,
ಮೂರನೇ ಹಾಡು ಬರಲಿ, ಆಮೇಲೆ ಬಾಯಿ ತೆಗೆಯಲಿ ಇವರು.
ಹಾಕಿದೆ.
ಪೆಟ್ಟಿಗೆಯ ಮೇಲೆ ಎಡಗೈಯಿಟ್ಟು, ಕಣ್ಣು ಮುಚ್ಚಿ
ಅವರು ಹೇಳುತ್ತ ಹೋದರು:
ಇಗೋ, ಗಿಟಾರು ಬೆಟ್ಟ ಹತ್ತುತ್ತದೆ.
ಇಗೋ, ಡ್ರಮ್ಮಿನವನು ಉಸಿರು ಬಿಡುತ್ತಾನೆ.
ಈಗ, ಈಗ ಕೇಳಿ, ಅವನ ದನಿ ಒಡೆಯುವುದು.

ತಿರುಗುತ್ತಿದ್ದದ್ದು ಮೊದಲನೇ ಬದಿ.
ನನ್ನದೇ ತಪ್ಪು.
ಹಾಡುತ್ತಿದ್ದದ್ದು ಮೆಲ್ಲನೆಯ ಇನ್ನೊಂದು,
ಡ್ರಮ್ಮೇ ಇಲ್ಲದ್ದು.

ಸಿಲ್ವೆಸ್ಟರ್ ನನ್ನ ಮುಖ ನೋಡಿದ. ನಾನು ಮುಳ್ಳನ್ನು.
ದೇಚಕ್ಕನ ಕೈ ಸೀಟಿಗೆ ಹೋಯಿತು,
ಫೌಲು ಕಂಡಾಗ ಹೋಗುವಂತೆ,
ಹೋಗಿ ಅಲ್ಲೇ ನಿಂತಿತು.

ಎಷ್ಟು ವರ್ಷ ಫಿರಂಗಿಯ ಪಕ್ಕ ನಿಂತ ಕಿವಿಗಳೋ.
ಇಷ್ಟು ದಿನ ನಮ್ಮ ತುಟಿ ನೋಡಿ ಜಗಳವಾಡಿದರೇ?
ಅವರ ಕೂಗಾಟ ಬರೀ ಹಟವೆಂದುಕೊಂಡು
ನಾವೂ ಕೂಗುತ್ತಿದ್ದೆವಲ್ಲ, ಅದೊಂದೇ ಒಳ್ಳೆಯದಾಗಿದ್ದು.

ಅವರ ಹಾಡು ಮುಗಿಯಿತು. ನಮ್ಮದು ಇನ್ನೂ ನಡೆದಿತ್ತು.
ಕಣ್ಣು ತೆರೆದು, "ಈಗ ಹೇಳಿ" ಅಂದರು.

ದೇಚಕ್ಕ ಹೇಳಿದರು, ತುಟಿ ಅಗಲಿಸಿ, ಬಿಡಿಸಿ ಬಿಡಿಸಿ:
"ಆರು ನಿಮಿಷ ಜಾಸ್ತಿ."
ಹವಾಲ್ದಾರರು ಮೇಜು ಗುದ್ದಿದರು.
ಸದ್ಯ, ಜಗಳ ಬದುಕಿತು.

ಈ ಬುಧವಾರ ಸಿಲ್ವೆಸ್ಟರ್ ಜೀಪಿನಲ್ಲಿ ಹೇರಿ ತಂದ
ಯಾವುದೋ ಟೆಂಪೋದಿಂದ ಕಿತ್ತ
ಹದಿನೈದು ಇಂಚಿನ ಸ್ಪೀಕರು.
"ನನ್ನ ಮೆಟಲ್ಲಿಗೆ" ಎಂದ, ಯಾರ ಮುಖವನ್ನೂ ನೋಡದೆ.
ತಂತಿ ಬೆಸೆದೆ. ಬೇರೆಲ್ಲೂ ಜಾಗವಿಲ್ಲವೆಂದು
ಉತ್ತಯ್ಯನವರ ಸ್ಟೂಲಿನ ಅಡಿಗೇ ತಳ್ಳಿದೆವು.

ಮೊದಲ ಪೆಟ್ಟಿಗೇ ಶೆಲ್ಫಿನ ಬಲ್ಬುಗಳೆಲ್ಲ ಗಲಗಲ.
ಪಕ್ಕದ ಔಷಧಿ ಅಂಗಡಿಯವನು ಬೈಯಲು ಬಂದು
ಬಾಗಿಲಲ್ಲೇ ನಿಂತ.
ಸ್ಟೂಲಿನಂಚು ಎರಡೂ ಕೈಯಲ್ಲಿ ಹಿಡಿದು
ಅವರು ಬಹಳ ಹೊತ್ತು ಕೂತಿದ್ದರು.
ಆಮೇಲೆ ಅಂದರು:
"ಕೆಟ್ಟದ್ದು. ತೀರಾ ಕೆಟ್ಟದ್ದು.
ಇನ್ನೊಂದು ಸಲ ಹಾಕು."